ಕೆಲಸ ಬಿಡದೆ ಬಿ.ಇ. ಓದುವುದು ಹೇಗೆ: ಸೇರುವ ಮುಂಚಿನ ಆರು ತಿಂಗಳಿಂದ ಡಿಗ್ರಿ ಕೈಗೆ ಬರುವವರೆಗೆ

ಸಂಜೆ ಐದೂವರೆಗೆ ನನ್ನ ಶಿಫ್ಟ್ ಮುಗಿಯುತ್ತಿತ್ತು. ಆರೂಕಾಲಿಗೆ ಕ್ಲಾಸ್. ನಡುವೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಿಂದ ಊರೊಳಗಿನ ಕಾಲೇಜಿಗೆ ಬಸ್ಸು. ಆಗಿನ್ನೂ ಪೀಣ್ಯಕ್ಕೆ ಮೆಟ್ರೊ ಬಂದಿರಲಿಲ್ಲ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಬಸ್ಸು ಸಿಕ್ಕಿಕೊಂಡರೆ ಮೊದಲ ಪೀರಿಯಡ್ ಹೋಯಿತು ಅಂತಲೇ ಲೆಕ್ಕ. ಕೈಗೆ ಎಷ್ಟು ಸೋಪು ಹಚ್ಚಿದರೂ ಕಟಿಂಗ್ ಆಯಿಲ್ ವಾಸನೆ ಹೋಗುತ್ತಿರಲಿಲ್ಲ. ಪಕ್ಕದ ಬೆಂಚಿನವರ ಕೈಯಲ್ಲೂ ಅದೇ ವಾಸನೆ. ಹಾಗಾಗಿ ಅಲ್ಲಿ ಯಾರಿಗೂ ಸಂಕೋಚ ಇರಲಿಲ್ಲ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಇನ್‌ಸ್ಪೆಕ್ಷನ್‌ನಲ್ಲಿ ಮೂರು ವರ್ಷ ಕೆಲಸ ಮಾಡಿದ ಮೇಲೆ ನಾನು ಈವ್ನಿಂಗ್ ಬಿ.ಇ. ಸೇರಿದ್ದು. ನಾಲ್ಕು ವರ್ಷದ ಕೋರ್ಸು ಐದು ವರ್ಷ ಹಿಡಿಯಿತು. ಜೊತೆಗೆ ಸೇರಿದವರಲ್ಲಿ ಅರ್ಧಕ್ಕೆ ಬಿಟ್ಟವರು ಸುಮಾರು ಜನ. ಅವರ ಬುದ್ಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ನನಗೆ ಡ್ರಾಯಿಂಗ್ ಸರಿಯಾಗಿ ಓದೋದು ಕಲಿಸಿದ್ದೇ ಅವರಲ್ಲಿ ಒಬ್ಬರು. ಶಿಫ್ಟ್ ಬದಲಾಯಿತು, ಅಟೆಂಡೆನ್ಸ್ ಸಾಲಲಿಲ್ಲ, ಗಣಿತ ಮರೆತುಹೋಗಿತ್ತು. ಎಲ್ಲರ ಕತೆಯೂ ಈ ಮೂರರಲ್ಲೇ ಬಂದು ನಿಲ್ಲುತ್ತದೆ. ಈ ಮೂರಕ್ಕೂ ಕಾಲೇಜು ಸೇರುವ ಮುಂಚೆಯೇ ದಾರಿ ಮಾಡಿಕೊಳ್ಳಬಹುದಿತ್ತು. ನಮಗೆ ಹೇಳುವವರು ಇರಲಿಲ್ಲ, ಅಷ್ಟೇ.

ಈಗ ನಮ್ಮ ಶಾಪ್‌ಗೆ ಹೊಸದಾಗಿ ಬಂದ ಹುಡುಗರು, ಹುಡುಗಿಯರು ಕೇಳುತ್ತಾರೆ: "ಸರ್, ಕೆಲಸ ಬಿಡದೆ ಬಿ.ಇ. ಮಾಡಬಹುದಾ?" ಮಾಡಬಹುದು. ಹೇಗೆ ಅಂತ ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಇದು ಮುಖ್ಯವಾಗಿ ಡಿಪ್ಲೊಮಾ ಆಗಿ ಕೆಲಸದಲ್ಲಿರುವವರಿಗೆ. ಐಟಿಐ ಮಾಡಿದವರು ಮೊದಲು ಡಿಪ್ಲೊಮಾಕ್ಕೆ ಹೋಗಬೇಕು. ಅವರಿಗೆ ಲ್ಯಾಟರಲ್ ಎಂಟ್ರಿ, ಅಂದರೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರ ಸೇರುವ ಅವಕಾಶ, ಇದೆ. ಸಂಜೆ ನಡೆಯುವ ಪಾಲಿಟೆಕ್ನಿಕ್‌ಗಳೂ ಇವೆ.

ಹೆಜ್ಜೆ 1: ಡಿಗ್ರಿ ಯಾತಕ್ಕೆ ಬೇಕು, ಒಂದು ಸಾಲಿನಲ್ಲಿ ಬರೆಯಿರಿ

ಸುಮ್ನೆ "ಬಿ.ಇ. ಇದ್ದರೆ ಒಳ್ಳೇದು" ಅಂದರೆ ಸಾಲದು. ಕಂಪನಿಯಲ್ಲೇ ಎಂಜಿನಿಯರ್ ಗ್ರೇಡ್‌ಗೆ ಹೋಗಬೇಕಾ? ಸರ್ಕಾರಿ ಸಹಾಯಕ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬೇಕಾ? ಮುಂದೆ ಎಂ.ಟೆಕ್. ಓದಬೇಕಾ? ಹೊರದೇಶಕ್ಕೆ ಹೋಗಬೇಕಾ? ಡೇಟಾ, ಸಾಫ್ಟ್‌ವೇರ್ ಕಡೆ ತಿರುಗಬೇಕಾ? ಒಂದೊಂದು ಉತ್ತರಕ್ಕೆ ಒಂದೊಂದು ದಾರಿ. ಸರ್ಕಾರಿ ಹುದ್ದೆ ನಿಮ್ಮ ಗುರಿಯಾದರೆ ಆ ಹುದ್ದೆಯ ಹಿಂದಿನ ನೋಟಿಫಿಕೇಷನ್ ತೆಗೆದು, ವಿದ್ಯಾರ್ಹತೆಯ ಸಾಲನ್ನು ಅಕ್ಷರ ಬಿಡದೆ ಓದಿ. ಕಂಪನಿಯ ಪ್ರಮೋಷನ್ ಗುರಿಯಾದರೆ ಯಾವ ಡಿಗ್ರಿಯನ್ನು ಒಪ್ಪುತ್ತಾರೆ ಅಂತ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಬಾಯಿಮಾತಿನ ಉತ್ತರ ಬೇಡ.

ಇನ್ನೊಂದು ಮಾತು. ಮುಂದಿನ ಒಂದೆರಡು ವರ್ಷದಲ್ಲಿ ಸಂಬಳ ಸ್ವಲ್ಪ ಏರಬೇಕು ಅನ್ನೋದಷ್ಟೇ ನಿಮ್ಮ ಆಸೆಯಾದರೆ, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನು) ಪ್ರೋಗ್ರಾಮಿಂಗ್, ಟೂಲ್ ಡಿಸೈನ್, ಪಿಎಲ್‌ಸಿಯಂಥ (ಮಷೀನು ನಿಯಂತ್ರಿಸುವ ಕಂಪ್ಯೂಟರ್) ಚಿಕ್ಕ ಕೋರ್ಸ್ ಬೇಗ ಕೈ ಹಿಡಿಯುತ್ತದೆ. ಸರ್ಕಾರಿ ಟೂಲ್ ತರಬೇತಿ ಕೇಂದ್ರವಾದ ಜಿಟಿಟಿಸಿಯಲ್ಲಿ ಇಂಥವು ಇವೆ. ಬಿ.ಇ. ಉದ್ದದ ದಾರಿ. ಅದರ ಫಲ ನಿಧಾನವಾಗಿ ಬರುತ್ತದೆ.

ಹೆಜ್ಜೆ 2: ಮಾನ್ಯತೆ ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೆಲಸದಲ್ಲಿರುವವರನ್ನೇ ಗುರಿಯಾಗಿಟ್ಟುಕೊಂಡು ಫೋನ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. "ಕ್ಲಾಸ್‌ಗೆ ಬರೋದೇ ಬೇಡ ಸರ್, ಪರೀಕ್ಷೆಗೆ ಮಾತ್ರ ಬನ್ನಿ, ಎರಡು ವರ್ಷಕ್ಕೆ ಬಿ.ಟೆಕ್." ಅನ್ನುತ್ತಾರೆ. ಆ ಮಾತು ಕೇಳಿದ ತಕ್ಷಣ ಫೋನ್ ಇಟ್ಟುಬಿಡಿ.

ನಮ್ಮ ದೇಶದಲ್ಲಿ ದೂರಶಿಕ್ಷಣದ ಮೂಲಕ, ಅಂದರೆ ಅಂಚೆ ತೆರಪಿನ ಪಾಠದ ಮೂಲಕ, ಬಿ.ಇ. ಅಥವಾ ಬಿ.ಟೆಕ್. ಕೊಡೋದಕ್ಕೆ ಎಐಸಿಟಿಇ (ತಾಂತ್ರಿಕ ಕೋರ್ಸುಗಳಿಗೆ ಒಪ್ಪಿಗೆ ಕೊಡುವ ಕೇಂದ್ರದ ಮಂಡಳಿ) ಒಪ್ಪಿಗೆ ಇಲ್ಲ. ಇದು ಕಾಗದದ ಮೇಲಿನ ನಿಯಮ ಮಾತ್ರ ಅಂದುಕೊಳ್ಳಬೇಡಿ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳ ಇಂಥ ಎಂಜಿನಿಯರಿಂಗ್ ಡಿಗ್ರಿಗಳ ಬಗ್ಗೆ ತೀರ್ಪು ಕೊಟ್ಟಿತು. 2001ರಿಂದ 2005ರ ನಡುವೆ ಸೇರಿದವರ ಡಿಗ್ರಿ ಅಮಾನತಾಯಿತು. ಅವರು ಎಐಸಿಟಿಇ ನಡೆಸುವ ಪರೀಕ್ಷೆ ಮತ್ತೆ ಬರೆದು ಪಾಸಾಗಬೇಕಾಯಿತು. ಅದಾದ ಮೇಲೆ ಸೇರಿದವರ ಡಿಗ್ರಿಗಳನ್ನು ಕೋರ್ಟ್ ರದ್ದೇ ಮಾಡಿತು. ಹತ್ತು, ಹನ್ನೆರಡು ವರ್ಷ ಆ ಡಿಗ್ರಿಯ ಮೇಲೆ ನೌಕರಿ, ಪ್ರಮೋಷನ್ ಪಡೆದವರು ನಲವತ್ತರ ವಯಸ್ಸಿನಲ್ಲಿ ಪುನಃ ಪರೀಕ್ಷೆಗೆ ಕೂತರು. ಆ ಸಂಕಟ ಯಾರಿಗೂ ಬೇಡ.

ಹಾಗಾದರೆ ಏನು ಮಾಡಬೇಕು? ಎಐಸಿಟಿಇ ವೆಬ್‌ಸೈಟ್‌ನಲ್ಲಿ ಒಪ್ಪಿಗೆ ಪಡೆದ ಕಾಲೇಜುಗಳ ಪಟ್ಟಿ ಇದೆ. ಕಾಲೇಜಿನ ಹೆಸರು ಇದ್ದರೆ ಸಾಲದು. ನೀವು ಸೇರುವ ಬ್ರಾಂಚು, ನೀವು ಸೇರುವ ವರ್ಷ, ಕೆಲಸದಲ್ಲಿರುವವರ ಬ್ಯಾಚ್, ಮೂರಕ್ಕೂ ಒಪ್ಪಿಗೆ ಇರಬೇಕು. ಆ ವರ್ಷದ ಒಪ್ಪಿಗೆ ಪತ್ರದ ಪ್ರತಿ ತೋರಿಸಿ ಅಂತ ಕಾಲೇಜಿನಲ್ಲಿ ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ, ಮೂರು ನಾಲ್ಕು ವರ್ಷ ನಿಮ್ಮದು ಹೋಗೋದು. ಸರಿಯಾದ ಕಾಲೇಜು ಆ ಪತ್ರ ತೋರಿಸೋದಕ್ಕೆ ಹಿಂದೆಮುಂದೆ ನೋಡುವುದಿಲ್ಲ.

ಹೆಜ್ಜೆ 3: ನಿಮಗೆ ಹೊಂದುವ ದಾರಿ ಆರಿಸಿ

ಮೊದಲನೆಯದು, ಎಐಸಿಟಿಇ ಒಪ್ಪಿಗೆಯ "ವರ್ಕಿಂಗ್ ಪ್ರೊಫೆಷನಲ್ಸ್" ಬ್ಯಾಚ್. ಹಿಂದಿನ ಈವ್ನಿಂಗ್ ಬಿ.ಇ. ಜಾಗಕ್ಕೆ ಈಗ ಇದು ಬಂದಿದೆ. ಡಿಪ್ಲೊಮಾ ಆದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರುತ್ತಾರೆ. ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಬೇಕು. ನೀವು ಕೆಲಸ ಮಾಡುವ ಜಾಗ ಕಾಲೇಜಿನಿಂದ ಇಂತಿಷ್ಟು ಕಿಲೋಮೀಟರ್ ಒಳಗಿರಬೇಕು ಅನ್ನುವ ನಿಯಮವೂ ಇದೆ. ಆ ದೂರ ಎಷ್ಟು ಅಂತ ಸೇರುವ ವರ್ಷದ ನಿಯಮದಲ್ಲೇ ನೋಡಿಕೊಳ್ಳಿ. ಕ್ಲಾಸ್ ಸಂಜೆ, ಶನಿವಾರ, ಭಾನುವಾರ ಇರುತ್ತದೆ. ಸಿಲಬಸ್, ಪರೀಕ್ಷೆ, ಡಿಗ್ರಿ ಎಲ್ಲ ಹಗಲಿನ ಕೋರ್ಸಿನದ್ದೇ. ನನ್ನನ್ನು ಕೇಳಿದರೆ ಡಿಪ್ಲೊಮಾ ಮುಗಿಸಿ ಫ್ಯಾಕ್ಟರಿಯಲ್ಲಿರುವವರಿಗೆ ಇದಕ್ಕಿಂತ ಗಟ್ಟಿಯಾದ ದಾರಿ ಇಲ್ಲ.

ಕರ್ನಾಟಕದಲ್ಲಿ ಡಿಪ್ಲೊಮಾದವರ ಪ್ರವೇಶಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರತಿ ವರ್ಷ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ನಡೆಸುತ್ತದೆ. ಡಿಪ್ಲೊಮಾದಲ್ಲಿ ಶೇ. 45 ಅಂಕ ಬೇಕು, ಮೀಸಲಾತಿ ಇದ್ದವರಿಗೆ ಶೇ. 40. ಕೆಲಸದಲ್ಲಿರುವವರ ಸೀಟು ಹೇಗೆ ಕೊಡುತ್ತಾರೆ, ಯಾವ ಯಾವ ಸರ್ಟಿಫಿಕೇಟ್ ಬೇಕು ಅನ್ನೋದು ಆ ವರ್ಷದ ಕೆಇಎ ಕೈಪಿಡಿಯಲ್ಲಿ ಇರುತ್ತದೆ. ಅದನ್ನು ಪೂರ್ತಿ ಓದಿ. ಅಪಾಯಿಂಟ್‌ಮೆಂಟ್ ಲೆಟರ್, ಸಂಬಳದ ಚೀಟಿಗಳು, ಪಿ.ಎಫ್. ಪಾಸ್‌ಬುಕ್, ಎಕ್ಸ್‌ಪೀರಿಯೆನ್ಸ್ ಲೆಟರ್ ಈಗಿನಿಂದಲೇ ಒಂದು ಫೈಲಿಗೆ ಹಾಕಿಡಿ. ಕಾಂಟ್ರಾಕ್ಟ್‌ನಲ್ಲಿ ಇರುವವರಿಗೆ ಈ ಕಾಗದ ಸಿಗೋದೇ ಕಷ್ಟ, ಅಲ್ವಾ? ಅದಕ್ಕೇ ಕೊನೆ ವಾರಕ್ಕೆ ಬಿಡಬೇಡಿ.

ಎರಡನೆಯದು, ಬಿಟ್ಸ್ ಪಿಲಾನಿ ವಿಶ್ವವಿದ್ಯಾಲಯದ ಡಬ್ಲ್ಯುಐಎಲ್‌ಪಿ (ವರ್ಕ್ ಇಂಟಿಗ್ರೇಟೆಡ್ ಲರ್ನಿಂಗ್ ಪ್ರೋಗ್ರಾಮ್). ಇದು ಕೆಲಸದಲ್ಲಿರುವವರಿಗೇ ಮಾಡಿದ್ದು. ಪಾಠ ಆನ್‌ಲೈನ್, ಹೆಚ್ಚಾಗಿ ವಾರದ ಕೊನೆಯಲ್ಲಿ. ಕಂಪನಿಯ ಒಪ್ಪಿಗೆ ಬೇಕು, ಕಂಪನಿಯಲ್ಲೇ ಒಬ್ಬ ಮೆಂಟರ್ ಬೇಕು. ಹಲವು ದೊಡ್ಡ ಕಂಪನಿಗಳು ತಮ್ಮ ನೌಕರರನ್ನು ಇದಕ್ಕೆ ಕಳಿಸುತ್ತವೆ. ಊರೂರು ತಿರುಗುವ ಸರ್ವಿಸ್ ಎಂಜಿನಿಯರ್‌ಗಳಿಗೆ ಇದು ಹೊಂದುತ್ತದೆ. ಆದರೆ ನಿಮ್ಮ ಗುರಿ ಸರ್ಕಾರಿ ಹುದ್ದೆಯಾದರೆ, ಸೇರುವ ಮುಂಚೆ ಆ ಇಲಾಖೆಗೆ ಬರೆದು, ಅವರು ಇದನ್ನು ಒಪ್ಪುತ್ತಾರಾ ಅಂತ ಖಚಿತ ಮಾಡಿಕೊಳ್ಳಿ.

ಮೂರನೆಯದು, ಐಐಟಿ ಮದ್ರಾಸಿನ ಬಿ.ಎಸ್. ಕೋರ್ಸುಗಳು. ಡೇಟಾ ಸೈನ್ಸ್‌ನದ್ದು 2020ರಲ್ಲಿ ಶುರುವಾಯಿತು, ಎಲೆಕ್ಟ್ರಾನಿಕ್ ಸಿಸ್ಟಮ್ಸ್‌ನದ್ದು 2023ರಲ್ಲಿ. ಪಾಠ ಆನ್‌ಲೈನ್, ಪರೀಕ್ಷೆ ಸೆಂಟರ್‌ಗೆ ಹೋಗಿ ಬರೆಯಬೇಕು. ಜೆಇಇ ಬೇಡ, ವಯಸ್ಸಿನ ಮಿತಿ ಇಲ್ಲ. ಮೊದಲು ಕ್ವಾಲಿಫೈಯರ್, ಅಂದರೆ ಅರ್ಹತಾ ಪರೀಕ್ಷೆ, ಪಾಸಾಗಬೇಕು. ನಡುವೆ ನಿಲ್ಲಿಸಿದರೂ ಅಲ್ಲಿವರೆಗಿನ ಹಂತಕ್ಕೆ ಸರ್ಟಿಫಿಕೇಟ್ ಸಿಗುತ್ತದೆ. ತುಂಬಾ ಒಳ್ಳೆಯ ಕೋರ್ಸು. ಆದರೆ ಇದು ಬಿ.ಎಸ್., ಬಿ.ಟೆಕ್. ಅಲ್ಲ. "ಬಿ.ಇ. ಅಥವಾ ಬಿ.ಟೆಕ್. ಮಾತ್ರ" ಅಂತ ಕೇಳುವ ಹುದ್ದೆಗೆ ಇದನ್ನು ನೆಚ್ಚಿಕೊಳ್ಳಬೇಡಿ.

ಎಎಂಐಇ ಬಗ್ಗೆಯೂ ಹೇಳಲೇಬೇಕು. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಎಎಂಐಇ ಮಾಡಿಯೇ ದೊಡ್ಡ ಹುದ್ದೆಗೆ ಹೋದವರು. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆ ಅದು. ಸೆಕ್ಷನ್ ಎ, ಸೆಕ್ಷನ್ ಬಿ ಅಂತ ಎರಡು ಭಾಗ. ಯಾರ ಪಾಠವೂ ಇಲ್ಲದೆ ಓದಿ ಪಾಸಾಗೋದು ಸುಲಭದ ಮಾತಲ್ಲ. ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ಕೇಂದ್ರ ಸರ್ಕಾರದ ಆದೇಶದಂತೆ, 2013ರ ಮೇ 31ರ ಒಳಗೆ ದಾಖಲಾದವರಿಗೆ ಮಾತ್ರ ಕೇಂದ್ರದ ನೌಕರಿಗಳಲ್ಲಿ ಅದು ಡಿಗ್ರಿಗೆ ಸಮ. ಮನೆಯಲ್ಲಿ ಮಾವನೋ ದೊಡ್ಡಪ್ಪನೋ "ಎಎಂಐಇ ಮಾಡೋ" ಅಂದರೆ, ಅವರ ಕಾಲ ಬೇರೆ ಅಂತ ಸಮಾಧಾನವಾಗಿ ಹೇಳಿ.

ಹೆಜ್ಜೆ 4: ಶಿಫ್ಟ್ ಬಗ್ಗೆ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ

ನನ್ನ ಒಂದು ವರ್ಷ ಹೋಗಿದ್ದು ಇಲ್ಲೇ.

ಆಗಿನ ನನ್ನ ಸೂಪರ್‌ವೈಸರ್ ಒಳ್ಳೆಯವರು. "ಓದಪ್ಪ, ನಿನ್ನನ್ನ ಜನರಲ್ ಶಿಫ್ಟ್‌ನಲ್ಲೇ ಇಡ್ತೀನಿ" ಅಂದಿದ್ದರು. ಎರಡು ಸೆಮಿಸ್ಟರ್ ಹಾಗೇ ನಡೆಯಿತು. ಆಮೇಲೆ ಅವರು ಬೇರೆ ಪ್ಲಾಂಟ್‌ಗೆ ಹೋದರು. ಹೊಸಬರು ಬಂದರು. ಅವರಿಗೆ ನನ್ನ ಓದಿನ ವಿಷಯ ಗೊತ್ತೇ ಇರಲಿಲ್ಲ, ನನ್ನ ಕೈಯಲ್ಲಿ ತೋರಿಸೋದಕ್ಕೆ ಒಂದು ಚೀಟಿಯೂ ಇರಲಿಲ್ಲ. ವಾರಕ್ಕೊಮ್ಮೆ ಸೆಕೆಂಡ್ ಶಿಫ್ಟ್, ಅಂದರೆ ಮಧ್ಯಾಹ್ನದಿಂದ ರಾತ್ರಿವರೆಗಿನ ಪಾಳಿ, ಬಿತ್ತು. ಎರಡು ವಿಷಯಕ್ಕೆ ಅಟೆಂಡೆನ್ಸ್ ಶಾರ್ಟೇಜ್ ಆಗಿ ಪರೀಕ್ಷೆಗೆ ಕೂರಿಸಲಿಲ್ಲ. ಅವತ್ತು ನೋಟಿಸ್ ಬೋರ್ಡ್‌ನಲ್ಲಿ ಹೆಸರು ನೋಡಿ ಬಸ್ಸು ಹತ್ತಿದವನು ಮನೆವರೆಗೂ ಯಾರ ಜೊತೆಯೂ ಮಾತಾಡಲಿಲ್ಲ.

ಲೆಕ್ಕ ನೋಡಿ. ವಿಟಿಯುನಲ್ಲಿ (ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ) ಪ್ರತಿ ವಿಷಯಕ್ಕೂ ಶೇ. 85 ಹಾಜರಿ ಬೇಕು. ಸರಿಯಾದ ಕಾರಣ, ದಾಖಲೆ ಇದ್ದರೆ ಶೇ. 10ರವರೆಗೆ ರಿಯಾಯಿತಿ ಸಿಗಬಹುದು. ಒಂದು ವಿಷಯಕ್ಕೆ 40 ಗಂಟೆ ಪಾಠ ಇದ್ದರೆ ನೀವು ತಪ್ಪಿಸಬಹುದಾದ್ದು 6 ಗಂಟೆ ಮಾತ್ರ. ಒಂದು ವಾರ ಸೆಕೆಂಡ್ ಶಿಫ್ಟ್ ಬಿದ್ದರೆ ಅದರಲ್ಲಿ ಮೂರೋ ನಾಲ್ಕೋ ಒಂದೇ ಏಟಿಗೆ ಹೋಯಿತು. ಉಳಿದದ್ದು ಜ್ವರಕ್ಕೆ, ಊರಿಗೆ, ಟ್ರಾಫಿಕ್‌ಗೆ ಸಾಲಬೇಕು.

ಅದಕ್ಕೇ ಫೀಸ್ ಕಟ್ಟುವ ಮುಂಚೆ ಮೇಲಿನವರ ಹತ್ತಿರ ಹೋಗಿ ಕೂತು ಮಾತಾಡಿ. ಸಿಟ್ಟಿನ ಹೊತ್ತಲ್ಲಿ ಬೇಡ, ತಿಂಗಳ ಕೊನೆಯ ಡಿಸ್‌ಪ್ಯಾಚ್ ಗಲಾಟೆಯಲ್ಲಿ ಬೇಡ. ಕೇಳೋದರ ಜೊತೆಗೆ ಏನಾದರೂ ಕೊಡಿ. "ಸರ್, ಸೆಮಿಸ್ಟರ್ ನಡೆಯುವಾಗ ನನ್ನನ್ನ ಫಸ್ಟ್ ಅಥವಾ ಜನರಲ್ ಶಿಫ್ಟ್‌ಗೆ ಹಾಕಿ. ಸ್ಟಾಕ್ ಎಣಿಕೆ ಇರುವ ಭಾನುವಾರ ನಾನು ಬರ್ತೀನಿ. ರಜೆ ಇರುವ ತಿಂಗಳು ನೈಟ್ ಶಿಫ್ಟ್ ನನಗೇ ಕೊಡಿ." ಹೀಗೆ ಕೇಳಿದರೆ ಅವರಿಗೂ ಒಂದು ದಾರಿ ಕಾಣುತ್ತದೆ. ಮಾತು ಮುಗಿದ ದಿನವೇ, ಒಪ್ಪಿಕೊಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಅವರಿಗೂ ಎಚ್‌ಆರ್‌ಗೂ ಮೇಲ್ ಹಾಕಿ. ಕ್ಲಾಸಿನ ಸಮಯ, ಪರೀಕ್ಷೆ ಯಾವ ತಿಂಗಳು ಬರುತ್ತದೆ, ಎಷ್ಟು ದಿನ ರಜೆ ಬೇಕು, ಎಲ್ಲ ಅದರಲ್ಲಿರಲಿ. ಮೇಲಿನವರು ಬದಲಾದರೆ ಮೊದಲ ವಾರದಲ್ಲೇ ಆ ಮೇಲ್ ಹೊಸಬರಿಗೆ ಕಳಿಸಿ.

ಕಂಪನಿಯೇ ಫೀಸ್ ಕಟ್ಟುತ್ತೇವೆ ಅಂದರೆ ಸಂತೋಷ. ಆದರೆ ಬಾಂಡ್ ಓದಿ. ಎಷ್ಟು ವರ್ಷ ಬಿಡುವ ಹಾಗಿಲ್ಲ, ಬಿಟ್ಟರೆ ಎಷ್ಟು ಕಟ್ಟಬೇಕು, ನೀವು ಫೇಲಾದರೆ ಏನು, ಕಂಪನಿಯೇ ನಿಮ್ಮನ್ನು ತೆಗೆದರೆ ಏನು. ಈ ನಾಲ್ಕಕ್ಕೆ ಉತ್ತರ ಇಲ್ಲದಿದ್ದರೆ ಸಹಿ ಹಾಕಬೇಡಿ. ಸರ್ಕಾರಿ ನೌಕರಿಯಲ್ಲಿರುವವರು ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಇಲ್ಲದಿದ್ದರೆ ಆಮೇಲೆ ಸರ್ವಿಸ್ ರಿಜಿಸ್ಟರ್‌ನಲ್ಲಿ ಡಿಗ್ರಿ ಸೇರಿಸೋದಕ್ಕೆ ಕಷ್ಟ ಪಡಬೇಕಾಗುತ್ತದೆ.

ಹೆಜ್ಜೆ 5: ಸೇರುವ ಮುಂಚಿನ ಆರು ತಿಂಗಳು, ದಿನಕ್ಕೆ ಅರ್ಧ ಗಂಟೆ ಗಣಿತ

ಡಿಪ್ಲೊಮಾ ಮುಗಿಸಿ ನಾಲ್ಕೈದು ವರ್ಷ ಆದವರಿಗೆ ಥರ್ಮೊಡೈನಮಿಕ್ಸ್ ಕಷ್ಟ ಆಗುವುದಿಲ್ಲ. ಮಷೀನು, ಮೆಟೀರಿಯಲ್ಲು, ಮೆಷರ್‌ಮೆಂಟು ದಿನಾ ಕೈಯಲ್ಲೇ ಇರುತ್ತದೆ. ಮೇಷ್ಟ್ರು ಟಾಲರೆನ್ಸ್ ಪಾಠ ಮಾಡುವಾಗ ನಿಮಗೆ ಹಗಲಿನ ವಿದ್ಯಾರ್ಥಿಗಳಿಗಿಂತ ಬೇಗ ಅರ್ಥ ಆಗುತ್ತದೆ. ಬೀಳೋದು ಗಣಿತದಲ್ಲಿ. ಅದರಲ್ಲೂ ನೀವು ನೇರ ಎರಡನೇ ವರ್ಷಕ್ಕೆ ಹೋಗುವುದರಿಂದ, ಹಗಲಿನವರು ಪಿಯುಸಿಯಲ್ಲೂ ಮೊದಲ ವರ್ಷದಲ್ಲೂ ಓದಿದ ಗಣಿತ ನಿಮಗೆ ಸಿಕ್ಕಿರುವುದಿಲ್ಲ.

ನಮಗೆ ಮೂರನೇ ಸೆಮಿಸ್ಟರ್ ಗಣಿತದಲ್ಲಿ ಫೂರಿಯರ್ ಸರಣಿ ಇತ್ತು. ಒಂದು ತಿಂಗಳು ನನಗೆ ಏನೂ ತಲೆಗೆ ಹೋಗಲಿಲ್ಲ. ಆಮೇಲೆ ಗೊತ್ತಾಯಿತು, ಫೂರಿಯರ್ ನನಗೆ ಅರ್ಥವಾಗಿತ್ತು, ಮರೆತಿದ್ದು ಇಂಟಿಗ್ರೇಷನ್ ಬೈ ಪಾರ್ಟ್ಸ್. ಎಕ್ಸ್ ಸ್ಕ್ವೇರ್ ಇಂಟು ಕಾಸ್ ಎನ್‌ಎಕ್ಸ್ ಅನ್ನು ಇಂಟಿಗ್ರೇಟ್ ಮಾಡೋದಕ್ಕೆ ಬಂದರೆ, ಸೈನ್ ಎನ್‌ಪೈ ಯಾವಾಗಲೂ ಸೊನ್ನೆ, ಕಾಸ್ ಎನ್‌ಪೈ ಒಮ್ಮೆ ಪ್ಲಸ್ ಒಂದು ಒಮ್ಮೆ ಮೈನಸ್ ಒಂದು ಅನ್ನೋದು ನೆನಪಿದ್ದರೆ, ಆ ಮಾಡ್ಯೂಲಿನ ಅರ್ಧ ಕೆಲಸ ಮುಗಿಯಿತು.

ಹಾಗಾಗಿ ಹೀಗೆ ಮಾಡಿ. ಮೊದಲ ಎರಡು ತಿಂಗಳು ಬೀಜಗಣಿತ, ತ್ರಿಕೋನಮಿತಿ, ಲಾಗರಿದಮ್. ಮುಂದಿನ ಎರಡು ತಿಂಗಳು ಡಿಫರೆನ್ಸಿಯೇಷನ್, ಪಾರ್ಷಿಯಲ್ ಡಿಫರೆನ್ಸಿಯೇಷನ್. ಕೊನೆಯ ಎರಡು ತಿಂಗಳು ಇಂಟಿಗ್ರೇಷನ್, ಮ್ಯಾಟ್ರಿಕ್ಸ್, ಸುಲಭದ ಡಿಫರೆನ್ಷಿಯಲ್ ಈಕ್ವೇಷನ್. ಪಾರ್ಷಿಯಲ್ ಡಿಫರೆನ್ಸಿಯೇಷನ್ ಬಿಟ್ಟು ಉಳಿದದ್ದಕ್ಕೆ ಪಿಯುಸಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕ ಸಾಕು. ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಬೆಳಿಗ್ಗೆ ಎದ್ದು ಅರ್ಧ ಗಂಟೆ, ಪೆನ್ನು ಹಿಡಿದು ಲೆಕ್ಕ ಮಾಡಿ. ವಿಡಿಯೊ ನೋಡಿದರೆ ಗೊತ್ತಾದ ಹಾಗೆ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ. ಡಿಸಿಇಟಿಯಲ್ಲೂ ಗಣಿತ ಇರುವುದರಿಂದ ಈ ಓದು ಎರಡು ಕಡೆಗೂ ಬರುತ್ತದೆ.

ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಇನ್ನೊಂದು ಮಾತು. ಎಐಸಿಟಿಇಯ ಇ-ಕುಂಭ್ ಪೋರ್ಟಲ್‌ನಲ್ಲಿ ಎಂಜಿನಿಯರಿಂಗ್ ಪುಸ್ತಕಗಳು ಕನ್ನಡದಲ್ಲೂ ಉಚಿತವಾಗಿ ಇವೆ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಆಮೇಲೆ ಇಂಗ್ಲಿಷ್ ಪುಸ್ತಕ ತೆಗೆಯಿರಿ. ನಾನು ಎಷ್ಟೋ ವಿಷಯವನ್ನು ಮೊದಲು ಕನ್ನಡದಲ್ಲಿ ಗೆಳೆಯನಿಗೆ ವಿವರಿಸಿ, ನಂತರ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಹಾಗೆ ಕಲಿತದ್ದು ಇವತ್ತಿಗೂ ಮರೆತಿಲ್ಲ. ಕ್ಲಾಸಿನ ಪಾಠ ತಪ್ಪಿದ ದಿನ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣ ನೆರವಿಗೆ ಬರುತ್ತದೆ. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ, ದುಡ್ಡಿಲ್ಲದೆ.

ಹೆಜ್ಜೆ 6: ವಾರದ 168 ಗಂಟೆಯನ್ನು ಕಾಗದದ ಮೇಲೆ ಇಡಿ

ವಾರಕ್ಕೆ ಕೆಲಸ 48 ಗಂಟೆ. ಓಡಾಟ 12. ದಿನಕ್ಕೆ ಏಳು ಗಂಟೆ ನಿದ್ದೆ ಅಂದರೆ 49. ಕ್ಲಾಸು, ಲ್ಯಾಬು 18. ಊಟ, ಸ್ನಾನ, ಮನೆಗೆಲಸಕ್ಕೆ ದಿನಕ್ಕೆ ಮೂರು ಗಂಟೆ, 21. ಕೂಡಿದರೆ 148. ಉಳಿದದ್ದು 20 ಗಂಟೆ. ಅದರಲ್ಲಿ ಓದಿಗೆ 10 ಇಡಿ. ಮಿಕ್ಕದ್ದು ಮನೆಯವರಿಗೆ, ಗೆಳೆಯರಿಗೆ, ಸುಮ್ನೆ ಕೂರೋದಕ್ಕೆ. ಅದೂ ಬೇಕು.

ಈ ಲೆಕ್ಕದಲ್ಲಿ ಓವರ್‌ಟೈಮ್ ಇಲ್ಲ ಅನ್ನೋದನ್ನು ಗಮನಿಸಿ. ಓಟಿ ದುಡ್ಡಿನ ಮೇಲೆ ಮನೆ ನಡೆಯುತ್ತಿದ್ದರೆ, ಅದು ನಿಂತಾಗ ತಿಂಗಳಿಗೆ ಎಷ್ಟು ಕಡಿಮೆ ಬೀಳುತ್ತದೆ ಅಂತ ಮೊದಲೇ ನೋಡಿ.

ನಿದ್ದೆ ಮಾತ್ರ ಕಡಿಮೆ ಮಾಡಬೇಡಿ. ಇದನ್ನು ತುಂಬಾ ಗಂಭೀರವಾಗಿ ಹೇಳುತ್ತಿದ್ದೇನೆ. ಆಫೀಸಿನಲ್ಲಿ ಕೂತು ತೂಕಡಿಸಿದರೆ ಒಂದು ಮೇಲ್ ತಪ್ಪಾಗಬಹುದು. ಪವರ್ ಪ್ರೆಸ್ ಮುಂದೆ ತೂಕಡಿಸಿದರೆ ಕೈ ಹೋಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರ ಇದ್ದು, ಬರೆದು ಬಂದು ನೇರ ಮಷೀನಿಗೆ ನಿಲ್ಲಬೇಡಿ. ಆ ದಿನ ಪೂರ್ತಿ ರಜೆ ಹಾಕಿ. ರಾತ್ರಿ ಹತ್ತರ ಮೇಲೆ ನಿದ್ದೆಗಣ್ಣಲ್ಲಿ ತುಮಕೂರು ರಸ್ತೆಯಲ್ಲಿ ಬೈಕ್ ಓಡಿಸುವ ಬದಲು ಬಸ್ಸು, ಮೆಟ್ರೊದಲ್ಲಿ ಬನ್ನಿ. ಅಲ್ಲಿ ಕೂತು ನೋಟ್ಸ್ ಕೂಡ ಓದಬಹುದು.

ಹೆಜ್ಜೆ 7: ಸೆಮಿಸ್ಟರ್ ನಡೆಯುವಾಗ

ಇಂಟರ್ನಲ್ಸ್, ಅಂದರೆ ಸೆಮಿಸ್ಟರ್ ನಡುವೆ ಕಾಲೇಜೇ ಕೊಡುವ ಟೆಸ್ಟುಗಳನ್ನು, ಬಿಡಬೇಡಿ. ವಿಟಿಯು ಲೆಕ್ಕದಲ್ಲಿ ಥಿಯರಿ ವಿಷಯಕ್ಕೆ ಒಳಗಿನ ಅಂಕ 50, ಕೊನೆಯ ಪರೀಕ್ಷೆಯದ್ದು 50. ಒಳಗಿನದರಲ್ಲಿ 20 ಬಾರದಿದ್ದರೆ ಕೊನೆಯ ಪರೀಕ್ಷೆಗೆ ಕೂರೋದಕ್ಕೇ ಬಿಡುವುದಿಲ್ಲ. ಟೆಸ್ಟ್ ದಿನ ಆಡಿಟ್ ಬಿತ್ತು, ಕಸ್ಟಮರ್ ಬಂದರು ಅಂತ ತಪ್ಪಿಸಿಕೊಂಡವರು ಕೊನೆಯಲ್ಲಿ ಎರಡು ಮೂರು ಅಂಕಕ್ಕೆ ಮೇಷ್ಟ್ರ ಹಿಂದೆ ಓಡಾಡುತ್ತಾರೆ. ಟೆಸ್ಟ್ ದಿನಾಂಕ ಗೊತ್ತಾದ ದಿನವೇ ರಜೆ ಚೀಟಿ ಕೊಟ್ಟುಬಿಡಿ.

ಲ್ಯಾಬ್ ರೆಕಾರ್ಡ್ ಆ ವಾರದ್ದು ಆ ಭಾನುವಾರವೇ ಬರೆಯಿರಿ. ಹತ್ತು ಪ್ರಯೋಗ ಒಂದೇ ರಾತ್ರಿ ಬರೆಯೋದಕ್ಕೆ ಹೋಗಿ ವೈವಾದಲ್ಲಿ ಬಾಯಿ ಕಟ್ಟಿದವರನ್ನು ನೋಡಿದ್ದೇನೆ.

ಕೊನೆಯ ಪರೀಕ್ಷೆಯ ಪೇಪರ್ ಐದು ಮಾಡ್ಯೂಲಿನದ್ದು. ಪ್ರತಿ ಮಾಡ್ಯೂಲಿಗೆ 20 ಅಂಕದ ಎರಡು ಪ್ರಶ್ನೆ, ಒಂದು ಬರೆದರೆ ಸಾಕು. 100ಕ್ಕೆ ಬರೆದದ್ದನ್ನು 50ಕ್ಕೆ ಇಳಿಸುತ್ತಾರೆ. ಅದರಲ್ಲಿ ಶೇ. 35 ಬೇಕು, ಒಳಗಿನದೂ ಸೇರಿ ಶೇ. 40 ಆಗಬೇಕು. ಇದರ ಅರ್ಥ ಏನು? ಮೂರು ಮಾಡ್ಯೂಲ್ ಗಟ್ಟಿ ಮಾಡಿಕೊಂಡವರಿಗೆ ಭಯ ಇಲ್ಲ. ಉಳಿದ ಎರಡರಲ್ಲಿ ವ್ಯಾಖ್ಯೆ, ಚಿತ್ರ, ಒಂದು ಸಣ್ಣ ಲೆಕ್ಕ ಬಂದರೂ ಏಳೆಂಟು ಅಂಕ ಸೇರುತ್ತದೆ. ಯಾವ ಮೂರು ಅಂತ ಆರಿಸೋದಕ್ಕೆ ಹಿಂದಿನ ನಾಲ್ಕೈದು ಪ್ರಶ್ನೆಪತ್ರಿಕೆ ತೆಗೆದು ಎದುರಿಗೆ ಇಟ್ಟುಕೊಳ್ಳಿ. ಅವು ನಿಮ್ಮ ಸ್ಕೀಮ್‌ನದ್ದೇ (ನಿಮ್ಮ ಬ್ಯಾಚಿನ ಸಿಲಬಸ್ಸಿನದ್ದೇ) ಆಗಿರಬೇಕು. ಹಳೆ ಸ್ಕೀಮ್‌ನದ್ದು ಓದಿ ಮೋಸ ಹೋಗಬೇಡಿ. ತನ್ನ ಪರೀಕ್ಷೆ ತಾನೇ ನಡೆಸುವ ಸ್ವಾಯತ್ತ ಕಾಲೇಜಾದರೆ ಪೇಪರ್ ಮಾದರಿ ಬೇರೆ ಇರಬಹುದು. ಮೊದಲ ವಾರದಲ್ಲೇ ಕೇಳಿಕೊಳ್ಳಿ.

ಮೂರು ನಾಲ್ಕು ಜನರ ಗುಂಪು ಮಾಡಿಕೊಳ್ಳಿ. ಬೇರೆ ಬೇರೆ ಶಿಫ್ಟಿನವರಾದರೆ ಇನ್ನೂ ಒಳ್ಳೆಯದು. ಒಬ್ಬರಿಗೆ ಕ್ಲಾಸ್ ತಪ್ಪಿದರೆ ಇನ್ನೊಬ್ಬರ ನೋಟ್ಸ್ ವಾಟ್ಸಾಪ್‌ಗೆ ಬರುತ್ತದೆ. ನನ್ನ ನಾಲ್ಕು ಬ್ಯಾಕ್‌ಗಳಲ್ಲಿ (ಫೇಲಾಗಿ ಉಳಿದ ವಿಷಯಗಳಲ್ಲಿ) ಮೂರು ಪಾಸಾಗಿದ್ದು, ಹೊಸೂರು ರಸ್ತೆಯ ಫ್ಯಾಕ್ಟರಿಯಿಂದ ಬರುತ್ತಿದ್ದ ಗೆಳೆಯ ಭಾನುವಾರ ಬಂದು ಕೂರಿಸಿ ಹೇಳಿಕೊಟ್ಟಿದ್ದರಿಂದ.

ಬ್ಯಾಕ್ ಬಿದ್ದರೆ ಮುಂದಿನ ಅವಕಾಶದಲ್ಲೇ ಬರೆಯಿರಿ. ಎರಡು ವರ್ಷ ಬಿಟ್ಟರೆ ಸ್ಕೀಮ್ ಬದಲಾಗುತ್ತದೆ, ಪಾಠ ಮಾಡಿದ ಮೇಷ್ಟ್ರೂ ಇರುವುದಿಲ್ಲ. ಗಣಿತದ ಬ್ಯಾಕ್ ಮೊದಲು ತೆಗೆಯಿರಿ, ಮುಂದಿನ ವಿಷಯಗಳು ಅದರ ಮೇಲೇ ನಿಂತಿರುತ್ತವೆ.

ಹೆಜ್ಜೆ 8: ದುಡ್ಡು

ಫೀಸ್ ಒಂದೇ ಖರ್ಚಲ್ಲ. ನೋಂದಣಿ, ಪ್ರತಿ ಸೆಮಿಸ್ಟರಿನ ಪರೀಕ್ಷಾ ಶುಲ್ಕ, ಬಸ್ ಪಾಸು, ಜೆರಾಕ್ಸ್, ರಾತ್ರಿ ಹೊರಗಿನ ತಿಂಡಿ, ಪ್ರಾಜೆಕ್ಟು, ಜೊತೆಗೆ ನಿಂತುಹೋದ ಓಟಿ. ಎಲ್ಲ ಸೇರಿಸಿ ವರ್ಷದ ಲೆಕ್ಕ ಹಾಕಿ. ಆಗುವುದಾದರೆ ಒಂದು ವರ್ಷದ ದುಡ್ಡು ಮೊದಲೇ ಆರ್‌ಡಿಯಲ್ಲಿ ಕೂಡಿಡಿ. ಸಾಲ ಬೇಕಾದರೆ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಬ್ಯಾಂಕಿಗೆ ಅರ್ಜಿ ಹಾಕಬಹುದು. ಪರ್ಸನಲ್ ಲೋನ್ ತಗೊಂಡು ಓದಬೇಡಿ, ಬಡ್ಡಿ ಜಾಸ್ತಿ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ 8 ವರ್ಷದವರೆಗೆ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಇಲ್ಲ.

ಹೆಜ್ಜೆ 9: ಮನೆಯವರ ಜೊತೆ ಕೂತು ಮಾತಾಡಿ

"ಓದ್ತೀನಿ" ಅಂತ ಹೇಳಿದರೆ ಮನೆಯವರು ಸಂತೋಷವಾಗಿ ಒಪ್ಪುತ್ತಾರೆ. ಕಷ್ಟ ಬರುವುದು ಆಮೇಲೆ. ತಂಗಿ ಮದುವೆ, ಊರ ಜಾತ್ರೆ, ಗೃಹಪ್ರವೇಶ, ಎಲ್ಲಕ್ಕೂ ನೀವು ಬೇಕು. ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್-ಜನವರಿ, ಜೂನ್-ಜುಲೈ ಕಡೆ ಬೀಳುತ್ತದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ವಾರಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ಎಲ್ಲರಿಗೂ ಕಾಣುವ ಹಾಗೆ. ನಮ್ಮಮ್ಮ ಆ ಗುರುತು ನೋಡಿಯೇ ನೆಂಟರಿಗೆ "ಅವನಿಗೆ ಪರೀಕ್ಷೆ, ನಾವೇ ಬರ್ತೀವಿ" ಅಂತ ಹೇಳುತ್ತಿದ್ದರು.

ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಎರಡು ಪಟ್ಟು ಕಷ್ಟ. ನಮ್ಮ ಕ್ಲಾಸಿನಲ್ಲಿ ಒಬ್ಬರು ಅಕ್ಕ ಇದ್ದರು. ರಾತ್ರಿ ಮನೆಗೆ ಹೋಗಿ ಪಾತ್ರೆ ತೊಳೆದು ಮಗುವನ್ನು ಮಲಗಿಸಿದ ಮೇಲೇ ಅವರು ಪುಸ್ತಕ ತೆಗೆಯಬೇಕಿತ್ತು. ಆ ಮನೆಯಲ್ಲಿ ಅಡುಗೆಯ ಭಾರ ಇನ್ನೊಬ್ಬರು ಹೊತ್ತ ಸೆಮಿಸ್ಟರ್‌ನಲ್ಲಿ ಅವರೇ ಕ್ಲಾಸಿಗೆ ಮೊದಲು. ಹೆಂಡತಿಯೋ ಸೊಸೆಯೋ ಓದುತ್ತೇನೆ ಅಂದಾಗ "ಓದು" ಅಂದರೆ ಮುಗಿಯಲಿಲ್ಲ, ಮನೆಯ ಯಾವ ಕೆಲಸ ಯಾರು ಮಾಡುತ್ತಾರೆ ಅಂತ ಅವತ್ತೇ ಹಂಚಿಕೊಳ್ಳಬೇಕು.

ಹೆಜ್ಜೆ 10: ಪ್ರಾಜೆಕ್ಟನ್ನು ಶಾಪ್‌ನಿಂದಲೇ ತಗೊಳ್ಳಿ

ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಂಡುಕೊಳ್ಳುವವರು ಇದ್ದಾರೆ. ನಿಮಗೆ ಅದರ ಅಗತ್ಯವೇ ಇಲ್ಲ. ನಿಮ್ಮ ಲೈನಿನಲ್ಲಿ ದಿನಾ ಕಾಡುವ ತೊಂದರೆ ಒಂದು ಇದ್ದೇ ಇರುತ್ತದೆ. ರಿಜೆಕ್ಷನ್ ಜಾಸ್ತಿ ಬರುವ ಒಂದು ಪಾರ್ಟು, ಸೆಟ್ಟಿಂಗ್‌ಗೆ ಹೊತ್ತು ಹಿಡಿಯುವ ಒಂದು ಫಿಕ್ಸ್‌ಚರ್ (ಕೆಲಸ ಮಾಡುವಾಗ ಪಾರ್ಟನ್ನು ಹಿಡಿದಿಡುವ ಸಾಧನ), ಪದೇ ಪದೇ ಕೆಡುವ ಒಂದು ಪಂಪು. ನಾವು ಮಾಡಿದ್ದು ಒಂದು ಡ್ರಿಲ್ಲಿಂಗ್ ಫಿಕ್ಸ್‌ಚರ್. ಮುಂಚೆ ಎಷ್ಟು ಹೊತ್ತು, ಆಮೇಲೆ ಎಷ್ಟು ಹೊತ್ತು ಅಂತ ಒಂದು ತಿಂಗಳು ಅಳೆದು ಬರೆದೆವು. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಅರ್ಧ ಗಂಟೆ ಆಸಕ್ತಿಯಿಂದ ಕೇಳಿದರು. ಫೋಟೊ, ಡ್ರಾಯಿಂಗ್ ಹೊರಗೆ ತರುವ ಮುಂಚೆ ಕಂಪನಿಯ ಅನುಮತಿ ಬರವಣಿಗೆಯಲ್ಲಿ ಪಡೆಯಿರಿ. ಕಸ್ಟಮರ್ ಹೆಸರು, ಪಾರ್ಟ್ ನಂಬರು ರಿಪೋರ್ಟಿನಲ್ಲಿ ಬರಬಾರದು.

ಹೆಜ್ಜೆ 11: ಡಿಗ್ರಿ ಬಂದ ಮೇಲಿನ ಕಾಗದ

ಕೊನೆಯ ಫಲಿತಾಂಶ ಬಂದ ಖುಷಿಯಲ್ಲಿ ಇದನ್ನು ಮರೆಯುತ್ತಾರೆ. ಎಲ್ಲ ಸೆಮಿಸ್ಟರಿನ ಗ್ರೇಡ್ ಕಾರ್ಡು ಕೈಯಲ್ಲಿದೆಯಾ ಎಣಿಸಿ. ಬ್ಯಾಕ್ ಬರೆದು ಪಾಸಾದದ್ದರ ಕಾರ್ಡೂ ಬೇಕು. ಹೆಸರಿನ ಸ್ಪೆಲ್ಲಿಂಗು ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇರುವ ಹಾಗೇ ಇದೆಯಾ ನೋಡಿ, ತಪ್ಪಿದ್ದರೆ ಈಗಲೇ ತಿದ್ದಿಸಿ. ಘಟಿಕೋತ್ಸವದವರೆಗೆ ಕಾಯಬೇಡಿ, ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ತಕ್ಷಣ ಅರ್ಜಿ ಹಾಕಿ. ಹೊರದೇಶದ ಯೋಚನೆ ಇದ್ದರೆ ಟ್ರಾನ್ಸ್‌ಕ್ರಿಪ್ಟ್ ಕೂಡ ಆಗಲೇ ತೆಗೆಸಿ.

ಆಮೇಲೆ ಎಚ್‌ಆರ್‌ಗೆ ಒಂದು ಪತ್ರ ಕೊಡಿ. ನನ್ನ ವಿದ್ಯಾರ್ಹತೆ ಬದಲಾಗಿದೆ, ದಾಖಲೆಯಲ್ಲಿ ಸೇರಿಸಿ, ಗ್ರೇಡ್ ಬದಲಾವಣೆಗೆ ಪರಿಗಣಿಸಿ ಅಂತ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೇ ಬನ್ನಿ. ವರ್ಷದ ಅಪ್ರೈಸಲ್‌ಗೆ ಎರಡು ತಿಂಗಳು ಮುಂಚೆ ಆ ಪತ್ರ ಒಳಗೆ ಹೋಗಿರಬೇಕು. ನಾನು ಎರಡು ವಾರ ತಡ ಮಾಡಿದೆ, ನನ್ನ ಹೆಸರು ಮುಂದಿನ ವರ್ಷದ ಪಟ್ಟಿಗೆ ಹೋಯಿತು.